ನನ್ನ 50 ರೂಪಾಯಿ ಕಾಳಿಗೆ ಕೊಡೂದಿಲ್ಲ

ಪೋಸ್ಟ್ 1

ಶುಕ್ರವಾರ ರಾತ್ರಿ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಹನ್ನೊಂದೇ ನಿಮಿಷದಲ್ಲಿ ಒಂದು ಠರಾವು ಪಾಸಾಯಿತು. ಬೇಸಿಗೆ ಬಂತು, ಹಕ್ಕಿಗಳಿಗೆ ಏನಾದರೂ ಮಾಡೋಣ. ತಲಾ 50 ರೂಪಾಯಿ ಹಾಕಿ ಜೋಳ, ಸಜ್ಜಿ ತಂದು ಕಾಲೇಜಿನ ಮಾಳಿಗೆ ಮೇಲೆ ಪಾರಿವಾಳಗಳಿಗೆ ದಿನಾ ಕಾಳು ಹಾಕೋಣ. ಮೊದಲ ದಿನ ಒಂದು ರೀಲ್ ಮಾಡೋಣ. ತಂಬ್ಸ್‌ಅಪ್ ಮೇಲೆ ತಂಬ್ಸ್‌ಅಪ್ ಬಿದ್ದವು. ನಾನು ಮಾತ್ರ "ಬ್ಯಾಡ" ಅಂತ ಬರೆದೆ.

ಆಮೇಲೆ ಏನಾಯಿತು ಅಂತ ಗ್ರೂಪಿನಲ್ಲಿ ಇದ್ದವರಿಗೆ ಗೊತ್ತು. "ಐವತ್ತು ರೂಪಾಯಿಗೆ ಜೀವ ಹೋಗ್ತದೇನು?" ಅಂದ್ರು. "ಮೂಕ ಪ್ರಾಣಿ ಹೊಟ್ಟಿ ಮ್ಯಾಲೆ ಹೊಡಿಬ್ಯಾಡ" ಅಂದ್ರು. ಒಬ್ಬರು ಜಿಪುಣನ ಸ್ಟಿಕರ್ ಕಳಿಸಿದರು. ಅದು ಚೆನ್ನಾಗಿತ್ತು, ನಾನೇ ಸೇವ್ ಮಾಡಿಕೊಂಡೆ.

ಗ್ರೂಪಿನಲ್ಲಿ ಎರಡು ಸಾಲಿನ ಮೇಲೆ ಯಾರೂ ಓದೋದಿಲ್ಲ. ಅದಕ್ಕೆ ಇಲ್ಲಿ ಬರೀತಿದ್ದೀನಿ, ಒಂಬತ್ತು ಪೋಸ್ಟ್. ಫೋಟೊಗಳೆಲ್ಲ ನನ್ನ ಮೊಬೈಲಿನವು, ಕ್ಲಿಯರ್ ಇಲ್ಲ ಅಂತ ಕಾಮೆಂಟ್ ಹಾಕಬ್ಯಾಡ್ರಿ. ನನಗೆ ಪಾರಿವಾಳದ ಮೇಲೆ ಸಿಟ್ಟಿಲ್ಲ, ನಿಮ್ಮ ದಯೆಯ ಮೇಲೆ ಅನುಮಾನವೂ ಇಲ್ಲ. ನಾನು ಹೇಳೋದು ಇಷ್ಟೇ: ನಾವು ಹಾಕೋ ಕಾಳು "ಹಕ್ಕಿಗಳಿಗೆ" ಹೋಗೋದಿಲ್ಲ. ಒಂದೇ ಹಕ್ಕಿಗೆ ಹೋಗ್ತದೆ. ಆ ಒಂದು ಹಕ್ಕಿ ಊರು ತುಂಬಿದ ಮೇಲೆ ಉಳಿದವು ಎಲ್ಲಿ ಹೋದವು ಅಂತ ಯಾರೂ ಕೇಳೋದಿಲ್ಲ.

ಪೋಸ್ಟ್ 2

ಮೊದಲ ಫೋಟೊ ಯಾದಗಿರಿ ಕೋಟೆ ಗುಡ್ಡದ್ದು. ಬಂಡೆಯ ಬಿರುಕಿನಲ್ಲಿ ಕೂತಿರೋ ಎರಡು ಪಾರಿವಾಳಗಳನ್ನು ಝೂಮ್ ಮಾಡಿ ನೋಡ್ರಿ. ಮೈ ಬೂದು, ರೆಕ್ಕೆ ಮೇಲೆ ಎರಡು ಕಪ್ಪು ಪಟ್ಟಿ, ಕುತ್ತಿಗೆಯಲ್ಲಿ ಹಸಿರು ನೇರಳೆ ಹೊಳಪು. ಇದು ಬಂಡೆಯ ಹಕ್ಕಿ. ಕೋಟೆ ಕಟ್ಟೋದಕ್ಕಿಂತ ಮೊದಲೂ ಇಂಥ ಗುಡ್ಡಗಳಲ್ಲಿ ಇದ್ದ ಜಾತಿ.

ಈಗ ಸ್ವೈಪ್ ಮಾಡ್ರಿ. ಇದು ಗಂಜಿನ ಒಂದು ಗೋದಾಮಿನ ತಗಡು. ಇಲ್ಲಿ ಬಿಳಿ ಇದೆ, ಕಂದು ಇದೆ, ಚುಕ್ಕಿಯದು ಇದೆ, ಅರ್ಧ ಕಪ್ಪು ಅರ್ಧ ಬಿಳಿಯದು ಇದೆ. ಮನುಷ್ಯರು ಸಾವಿರಾರು ವರ್ಷದಿಂದ ಸಾಕಿ, ಬೇಕಾದ ಬಣ್ಣಕ್ಕೆ ಕೂಡಿಸಿದ ಪಾರಿವಾಳಗಳ ರಕ್ತ ಇದು. ನಮ್ಮ ಕಡೆ ಕಬೂತರ ಹಾರಿಸೋ ಶೋಕಿ ಇವತ್ತಿಗೂ ಇದೆ. ಸಾಕಿದವು ತಪ್ಪಿಸಿಕೊಂಡವು, ಗುಡ್ಡದವು ಕೆಳಗಿಳಿದವು, ಎರಡೂ ಕೂಡಿ ಈ ಊರ ಪಾರಿವಾಳ ಆಯಿತು.

ಅದರ ಕಣ್ಣಿಗೆ ನಮ್ಮ ಬಸ್ ಸ್ಟ್ಯಾಂಡು, ಕಾಲೇಜು, ಮೂರಂತಸ್ತಿನ ಲಾಡ್ಜು ಎಲ್ಲಾ ಗುಡ್ಡಾನೇ. ಸಜ್ಜಾ ಅಂದ್ರೆ ಬಂಡೆಯ ಅಂಚು, ಎಸಿ ಹಿಂದಿನ ಸಂದು ಅಂದ್ರೆ ಗವಿ. ನಾವು ಕಾಂಕ್ರೀಟು ಹಾಕಿದಷ್ಟೂ ಅದಕ್ಕೆ ಮನೆ ಹೆಚ್ಚಾಯಿತು. ನಮ್ಮ ಜಿಲ್ಲೆಯಿಂದ ಗುಳೆ ಹೋದವರು ಬೆಂಗಳೂರು, ಪುಣೆ, ಮುಂಬೈಯಲ್ಲಿ ಕಟ್ಟೋದೂ ಇಂಥ ಗುಡ್ಡಗಳನ್ನೇ. ನಮ್ಮ ಸೋದರಮಾವ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದ ಒಂದು ಬಿಲ್ಡಿಂಗಿನಲ್ಲಿ ಈಗ ಸಾಲಾಗಿ ಎಲ್ಲಾ ಬಾಲ್ಕನಿಗೂ ನೈಲಾನ್ ಬಲೆ ಕಟ್ಟಿದ್ದಾರಂತೆ. "ನಾವು ಕಟ್ಟಿದ್ದು ಮನುಷ್ಯಾರಿಗೆ, ಬಂದು ಕೂತಿದ್ದು ಕಬೂತರ" ಅಂತ ನಗ್ತಾನ.

ಪೋಸ್ಟ್ 3

"ಮತ್ತೆ ಅದು ನಮ್ಮದೇ ಹಕ್ಕಿ ಅಂದ್ರೆ ತಕರಾರು ಏನು?" ಅಂತ ನಿನ್ನೆ ಮೂರು ಜನ ಮೆಸೇಜ್ ಮಾಡಿದ್ರಿ. ಒಳ್ಳೆ ಪ್ರಶ್ನೆ.

ಆಕ್ರಮಣಕಾರಿ ಹಕ್ಕಿ ಅಂದ ಕೂಡಲೇ ನಮ್ಮ ತಲೆಯಲ್ಲಿ ಪರದೇಶದಿಂದ ಬಂದ ಖಳನಾಯಕ ಬರ್ತಾನೆ. ಸುರಪುರದ ಹತ್ತಿರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ಒಂದು ಸಲ ಹೋಗಿ ಬನ್ರಿ. ನಾಯಕ ಅರಸರ ಕಾಲದ ಕೆರೆ, ಈಗ ಪಕ್ಷಿಧಾಮ. ನಮ್ಮದೇ ಜಿಲ್ಲೆಯಲ್ಲಿದ್ದೂ ನಮ್ಮ ಕ್ಲಾಸಿನಲ್ಲಿ ನೋಡಿದವರು ನಾಲ್ಕು ಮಂದಿ, ನಾನು ಎಣಿಸಿದ್ದೀನಿ. ಅಲ್ಲಿಗೆ ಪಟ್ಟೆತಲೆ ಹೆಬ್ಬಾತು ಬರ್ತದೆ. ಟಿಬೆಟ್, ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಬಂದು, ಬೇಸಿಗೆ ಹತ್ತಿರ ಆಗ್ತಿದ್ದಂಗೆ ವಾಪಸ್ ಹೋಗ್ತದೆ. ಹೊರಗಿನದು ಹೌದು, ಆಕ್ರಮಣಕಾರಿ ಅಲ್ಲ. ಬೀಗರಂಗೆ ಬಂದು ಬೀಗರಂಗೆ ಹೋಗ್ತದೆ.

ಈಗ ಉಲ್ಟಾ ಲೆಕ್ಕ ನೋಡ್ರಿ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳು ಅಂತ ಐಯುಸಿಎನ್ ಸಂಸ್ಥೆಯ ತಜ್ಞರು ಮಾಡಿದ ಪಟ್ಟಿ ಒಂದಿದೆ. ಅದರಲ್ಲಿ ಹಕ್ಕಿಗಳು ಮೂರೇ. ಒಂದು ಯುರೋಪಿನ ಕಬ್ಬಕ್ಕಿ. ಉಳಿದ ಎರಡು ಯಾವು ಗೊತ್ತೇನು? ನಮ್ಮ ಕ್ಯಾಂಟೀನಿನ ಮುಂದೆ ಸಮೋಸಾ ಚೂರಿಗೆ ಜಗಳ ಆಡೋ ಗೊರವಂಕ, ಮತ್ತೆ ಬೇಲಿ ಮೇಲೆ ಕೂಗೋ ಪಿಕಳಾರ, ಬಾಲದ ಬುಡದಲ್ಲಿ ಕೆಂಪು ಇರೋದು. ಎರಡೂ ನಮ್ಮ ನೆಲದ ಹಕ್ಕಿಗಳು! ಗೊರವಂಕವನ್ನು 1860ರ ದಶಕದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿಗೆ ತರಿಸಿದ್ದು ತೋಟದ ಹುಳ ತಿನ್ನಲಿ ಅಂತ. ಹುಳದ ಜೊತೆಗೆ ಅದು ಅಲ್ಲಿನ ಹಕ್ಕಿಗಳ ಪೊಟರೆಗಳನ್ನೂ ಹಿಡಿದುಕೊಂಡಿತು. ನಮ್ಮ ಊರ ಕಾಗೆಯನ್ನು 1890ರ ದಶಕದಲ್ಲಿ ಜಾಂಜಿಬಾರಿಗೆ ಒಯ್ದದ್ದು ಕಸ ಹೆಕ್ಕಲಿ ಅಂತ. ಅದು ಆಫ್ರಿಕಾದ ಪೂರ್ವ ಕರಾವಳಿ ಪೂರ್ತಿ ಹಬ್ಬಿತು. 2024ರಲ್ಲಿ ಕೀನ್ಯಾ ಸರ್ಕಾರ ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆ ಘೋಷಿಸಿತು. ಸ್ಪೇನಿನ ಸೆವಿಯಾ ಊರಿನ ಒಂದು ಪಾರ್ಕಿನಲ್ಲಿ ನಮ್ಮ ಗಿಳಿಗಳು, ಪಂಜರದಿಂದ ತಪ್ಪಿಸಿಕೊಂಡವು, ದೊಡ್ಡ ಬಾವಲಿಗಳಿಗೆ ಕಚ್ಚಿ ಓಡಿಸಿ ಮರದ ಪೊಟರೆ ಕಸಿದುಕೊಂಡವು. 14 ವರ್ಷದಲ್ಲಿ ಬಾವಲಿ ಇದ್ದ ಮರಗಳು ಶೇ 81ರಷ್ಟು ಕಡಿಮೆಯಾದವು.

ಈ ಮೂರೂ ಕಥೆಯಲ್ಲಿ ಹಕ್ಕಿ ತಾನಾಗಿ ಹಡಗು ಹತ್ತಿಲ್ಲ. ಯಾರೋ ಒಳ್ಳೆ ಮನಸ್ಸಿಂದ, ಇಲ್ಲಾ ಶೋಕಿಗೆ, ಒಯ್ದು ಬಿಟ್ಟಿದ್ದು. ಹಾಗಾಗಿ ನಾನು ಕೇಳೋದು ಹಕ್ಕಿ ಎಲ್ಲಿಂದ ಬಂತು ಅಂತಲ್ಲ. ಅದನ್ನು ಹೆಚ್ಚು ಮಾಡಿದ ಕೈ ಯಾವುದು ಅಂತ. ಯಾದಗಿರಿಯಲ್ಲಿ ಆ ಕೈಗೆ ಹಡಗು ಬೇಕಿಲ್ಲ, ಒಂದು ಚೀಲ ಜೋಳ ಸಾಕು.

ಪೋಸ್ಟ್ 4

ಈ ಪೋಸ್ಟ್ ಒಂದನ್ನಾದರೂ ಪೂರ್ತಿ ಓದ್ರಿ. ಬಯಾಲಜಿ ಇದೆ ಅಂತ ಓಡಬ್ಯಾಡ್ರಿ.

"ಗುಬ್ಬಿನೂ ತಿಂತಾವಲ್ಲ, ಬರೀ ಪಾರಿವಾಳಕ್ಕೆ ಅಂತ ಯಾಕ ಅಂತಿ?" ಅಂತ ನನ್ನ ಬೆಂಚಿನ ದೋಸ್ತ ಕೇಳಿದ. ಹೌದು, ದೊಡ್ಡ ಗುಬ್ಬಿ ಕಾಳು ತಿಂತದೆ. ಆದರೆ ಮರಿ ಗುಬ್ಬಿ ತಿನ್ನೋದಿಲ್ಲ. ಮೊಟ್ಟೆಯಿಂದ ಹೊರಗೆ ಬಂದ ಮೊದಲ ದಿನಗಳಲ್ಲಿ ಅದಕ್ಕೆ ಮೆತ್ತಗಿನ ಹುಳ ಬೇಕು. ತಾಯಿ ತಂದೆ ಎರಡೂ ದಿನವಿಡೀ ಗಿಡ, ಬೇಲಿ, ಹಿತ್ತಲು ಸುತ್ತಿ ಹುಳ ಹಿಡಿದು ತರ್ತಾವೆ. ಹುಳ ಇಲ್ಲದ ಊರಿನಲ್ಲಿ ನೀವು ಕ್ವಿಂಟಾಲ್ ಜೋಳ ಸುರಿದರೂ ಗುಬ್ಬಿಯ ಮರಿ ಬದುಕೋದಿಲ್ಲ. ನಮ್ಮ ಕಡೆಯ ಬಹಳಷ್ಟು ಸಣ್ಣ ಹಕ್ಕಿಗಳ ಬಾಳು ಹಿಂಗೇ. ಹೊಲದಲ್ಲಿ ಗೂಡು ನೇಯುವ ಗೀಜಗ ಕೂಡ ಕಾಳು ತಿನ್ನೋ ಹಕ್ಕಿನೇ, ಆದರೆ ಮರಿಗೆ ಹುಳ ತರ್ತದೆ.

ಪಾರಿವಾಳಕ್ಕೆ ಈ ತಾಪತ್ರಯ ಇಲ್ಲ. ಅದರ ಗಂಟಲ ಚೀಲದ ಒಳಪದರದಿಂದ ಮೊಸರಿನಂಥ ಒಂದು ವಸ್ತು ಒಸರ್ತದೆ, ಪಾರಿವಾಳದ ಹಾಲು ಅಂತಾನೇ ಅದಕ್ಕೆ ಹೆಸರು. ಗಂಡು ಹೆಣ್ಣು ಎರಡೂ ಮರಿಗೆ ಅದನ್ನು ಕುಡಿಸ್ತಾವೆ. ಅಂದ್ರೆ ಪಾರಿವಾಳ ಕಾಳನ್ನೇ ಹಾಲು ಮಾಡ್ತದೆ. ಹುಳ ಬೇಡ, ಮಳೆಗಾಲ ಕಾಯೋದು ಬೇಡ, ಹಸಿರು ಬೇಡ. ಕಾಳು ಸಿಕ್ಕರೆ ವರ್ಷಪೂರ್ತಿ ಬಾಣಂತನ. ಒಂದು ಸಲಕ್ಕೆ ಎರಡು ಮೊಟ್ಟೆ, ಕಾವು ಸುಮಾರು 18 ದಿನ. ಮೊದಲ ಮರಿಗಳು ಗೂಡು ಬಿಡೋದರೊಳಗೆ ಮುಂದಿನ ಮೊಟ್ಟೆ ಇಟ್ಟಿರೋದೂ ಉಂಟು. ವರ್ಷಕ್ಕೆ ಐದಾರು ಸಲ ಮರಿ ಮಾಡಬಲ್ಲದು.

ಇಷ್ಟು ಗೊತ್ತಾದ ಮೇಲೆ ನಮ್ಮ ಜೋಳದ ಚೀಲ ಏನು ಮಾಡ್ತದೆ ಅಂತ ನೀವೇ ಲೆಕ್ಕ ಹಾಕ್ರಿ. ಗುಬ್ಬಿಗೆ ಒಂದು ಹೊತ್ತಿನ ಊಟ ಸಿಗ್ತದೆ. ಪಾರಿವಾಳಕ್ಕೆ ಸಂಸಾರ ಸಿಗ್ತದೆ. ಅದೂ ಗುಬ್ಬಿ ಬಂದು ಕೂಡೋದಕ್ಕೆ ಜಾಗ ಇದ್ದರೆ. ಗಂಜಿನಲ್ಲಿ ಬೆಳಿಗ್ಗೆ ಏಳಕ್ಕೆ ಹೋಗಿ ನಿಲ್ರಿ. ಒಬ್ಬ ಕಾಕಾ ದಿನಾ ಅಂಗಡಿ ಕದ ತೆಗೆಯೋ ಮುಂಚೆ ಎರಡು ಬೊಗಸೆ ಕಾಳು ಹಾಕ್ತಾರೆ. ನೂರಾರು ಪಾರಿವಾಳ ಒಂದೇ ಸಲ ಇಳಿಯೋವಾಗ ಗಾಳಿ ಮುಖಕ್ಕೆ ಹೊಡೆದಂಗ ಆಗ್ತದೆ. ಗುಬ್ಬಿಗಳು ಕರೆಂಟಿನ ತಂತಿ ಮೇಲೆ ಕೂತು ನೋಡ್ತಿರ್ತಾವೆ, ಪಂಕ್ತಿ ಮುಗಿದ ಮೇಲೆ ಎಲೆ ಕಾಯೋರಂಗೆ.

ಗಂಜಿನಲ್ಲಿ ಕಾಳು ಚೆಲ್ಲೋದು ಇದ್ದದ್ದೇ, ತೊಗರಿ ಸುಗ್ಗಿಯಲ್ಲಿ ರಸ್ತೆ ಮೇಲೂ ಕಾಳು. ಅದನ್ನು ಯಾರೂ ತಪ್ಪಿಸೋಕೆ ಆಗೋದಿಲ್ಲ. ಅಂದ್ರೆ ನಮ್ಮ ಊರಿನ ಪಾರಿವಾಳ ಉಪವಾಸ ಇಲ್ಲ ದೋಸ್ತ್ರ. ಯಾದಗಿರಿಯ ಹಕ್ಕಿಗಳಲ್ಲಿ ಹಸಿದಿಲ್ಲದ್ದು ಯಾವುದು ಅಂತ ಹುಡುಕಿ ಅದಕ್ಕೇ ನಾವು ಊಟಕ್ಕೆ ಹಾಕ್ತಿದ್ದೀವಿ.

ಪೋಸ್ಟ್ 5

ಈ ಫೋಟೊ ಬ್ಲರ್ ಇದೆ. ಆದರೂ ಹಾಕಿದ್ದೀನಿ, ಯಾಕಂದ್ರೆ ಈ ವರ್ಷ ನನಗೆ ಸಿಕ್ಕಿದ್ದು ಇದೊಂದೇ. ಶಹಾಪುರ ರಸ್ತೆಯ ಪಕ್ಕ, ತಂತಿ ಮೇಲೆ ನೀಲಕಂಠ.

ಕರ್ನಾಟಕದ ರಾಜ್ಯಪಕ್ಷಿ ಯಾವುದು ಅಂತ ಎಫ್‌ಡಿಎ, ಎಸ್‌ಡಿಎಗೆ ಓದೋರೆಲ್ಲ ಥಟ್ಟಂತ ಹೇಳ್ತೀರಿ. ಕೊನೆಗೆ ನೋಡಿದ್ದು ಯಾವಾಗ ಅಂದ್ರೆ ಸುಮ್ಮನಾಗ್ತೀರಿ. ದಸರಾದಲ್ಲಿ ಬನ್ನಿ ಕೊಟ್ಟು ಬರೋವಾಗ ನೀಲಕಂಠ ಕಂಡರೆ ಶುಭ ಅಂತ ನಮ್ಮ ಆಯಿ ಹೇಳ್ತಿದ್ದಳು. ಅವಳ ಕಾಲದಲ್ಲಿ ಹುಡುಕೋದೇ ಬೇಕಿರಲಿಲ್ಲವಂತೆ, ಕಣ್ಣು ಎತ್ತಿದರೆ ಕಾಣ್ತಿತ್ತಂತೆ. ಕೂತಾಗ ಕಂದು ಕಂದು, ಹಾರಿದಾಗ ರೆಕ್ಕೆ ಬಿಚ್ಚಿ ನೀಲಿ.

"ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್" ಅಂತ 2023ರಲ್ಲಿ ಒಂದು ವರದಿ ಬಂತು. 30,000ಕ್ಕೂ ಹೆಚ್ಚು ಜನ ಹಕ್ಕಿ ನೋಡಿ ಬರೆದಿಟ್ಟ ಮೂರು ಕೋಟಿ ದಾಖಲೆಗಳ ಮೇಲೆ ಮಾಡಿದ್ದು. ಒಟ್ಟು 942 ಜಾತಿ ನೋಡಿದ್ದಾರೆ. ದೀರ್ಘಕಾಲದ ಏರಿಳಿತ ಹೇಳೋಕೆ ಸಾಧ್ಯವಾದದ್ದು 338 ಜಾತಿಗಳದು. ಅವುಗಳಲ್ಲಿ 204 ಜಾತಿ ಇಳಿದಿವೆ. ಏರಿದ್ದು 36. ನೀಲಕಂಠ ಇಳಿದವರ ಗುಂಪಿನಲ್ಲಿದೆ, ಸುಮಾರು ಶೇ 30 ಕಡಿಮೆ. ಅದರ ಅಳಿವಿನ ಅಪಾಯವನ್ನು ಹೊಸದಾಗಿ ಅಳೆಯಬೇಕು ಅಂತ ವರದಿ ಹೇಳ್ತದೆ. ಇನ್ನು ಭರ್ಜರಿಯಾಗಿ ಏರಿದವುಗಳಲ್ಲಿ ಎದ್ದು ಕಾಣೋದು ಊರ ಪಾರಿವಾಳ. 2000ದಿಂದ ಈಚೆಗೆ ಒಂದಕ್ಕೆ ಎರಡಕ್ಕಿಂತ ಜಾಸ್ತಿ.

ಇಲ್ಲಿ ನಾನು ಮೋಸ ಮಾಡೋದಿಲ್ಲ. ಪಾರಿವಾಳ ನೀಲಕಂಠನನ್ನು ಹೊಡೆದು ಓಡಿಸಿಲ್ಲ. ನೀಲಕಂಠ ತಿನ್ನೋದು ಮಿಡತೆ, ಜೀರುಂಡೆ, ಓತಿ. ನಮ್ಮ ಹತ್ತಿ ಹೊಲಕ್ಕೆ, ಕಾಲುವೆ ಕೆಳಗಿನ ಭತ್ತಕ್ಕೆ ಎಷ್ಟು ಸಲ ಎಣ್ಣಿ ಹೊಡಿತೀವಿ ಅಂತ ನಿಮ್ಮ ಅಪ್ಪನ್ನ ಕೇಳ್ರಿ. ಮಿಡತೆ ಎಲ್ಲಿ ಉಳಿಬೇಕು? ಅದು ಗೂಡು ಮಾಡೋದು ಹಳೆ ಮರದ ಪೊಟರೆ, ಪಾಳು ಗೋಡೆಯ ತೂತಿನಲ್ಲಿ. ಒಣ ಮರ ಕಂಡರೆ ನಾವು ಬಿಡೋದಿಲ್ಲ. ವರದಿಯಲ್ಲೂ ಹುಳ ತಿನ್ನೋ ಹಕ್ಕಿಗಳು, ಬಯಲಿನ ಹಕ್ಕಿಗಳು ಜಾಸ್ತಿ ಇಳಿದಿವೆ ಅಂತಾನೇ ಇದೆ.

ಅಂದ್ರೆ ಒಂದು ಕೈಯಲ್ಲಿ ಎಣ್ಣಿ, ಇನ್ನೊಂದು ಕೈಯಲ್ಲಿ ಕಾಳು. ಎರಡೂ ನಮ್ಮವೇ ಕೈ. ಎಣ್ಣಿ ಹೊಡೆದ ರೀಲ್ ಯಾರೂ ಹಾಕೋದಿಲ್ಲ, ಕಾಳು ಹಾಕಿದ್ದು ಹಾಕ್ತೀವಿ. ಆ ರೀಲ್ ನೋಡಿದವರಿಗೆ ಯಾದಗಿರಿಯಲ್ಲಿ ಹಕ್ಕಿಗಳು ಸುಖವಾಗಿವೆ ಅನಿಸ್ತದೆ. ಮೇಲೆ ನೋಡಿದರೆ ಆಕಾಶದ ತುಂಬ ರೆಕ್ಕೆ, ಆದರೆ ಎಲ್ಲಾ ಒಂದೇ ಜಾತಿಯವು. ನನಗೆ ಸಿಟ್ಟು ಇರೋದು ಇಲ್ಲೇ.

ಪೋಸ್ಟ್ 6

ಗೂಡಿನ ಜಗಳ ಮಾತ್ರ ನಾನು ಕಣ್ಣಾರೆ ನೋಡಿದ್ದೀನಿ.

ನಮ್ಮ ಹಳ್ಳಿ ಮನೆ ಮಣ್ಣಿನ ಮಾಳಿಗೆಯದು. ಜಂತಿ ಸಂದಿನಲ್ಲಿ ಗುಬ್ಬಿ, ಹಿಂದಿನ ಗೋಡೆಯ ದೊಡ್ಡ ತೂತಿನಲ್ಲಿ ಹಾಲಕ್ಕಿ. ಹಾಲಕ್ಕಿ ಅಂದ್ರೆ ಗೊತ್ತಾಗದವರಿಗೆ: ಚುಕ್ಕಿ ಚುಕ್ಕಿಯ ಗಿಡ್ಡ ಗೂಬೆ. ನಸುಕಿನಲ್ಲಿ ಬಂದ ಬುಡಬುಡಕಿಯವರು, ಹಾಲಕ್ಕಿ ಹಿಂಗ ನುಡಿತು ಅಂತ ಶಕುನ ಹೇಳ್ತಿದ್ದರಲ್ಲ, ಅದೇ. ಇಲಿ, ಜೀರುಂಡೆ ತಿಂದು ಮನೆಗೆ ಉಪಕಾರ ಮಾಡೋ ಹಕ್ಕಿ. ಆಯಿ ಅದಕ್ಕೆ ಯಾವತ್ತೂ ಕಲ್ಲು ಹೊಡೆಸಿಕೊಟ್ಟಿಲ್ಲ.

ಆರು ವರ್ಷದ ಹಿಂದೆ ಮಗ್ಗುಲಲ್ಲಿ ಆರ್‌ಸಿಸಿ ಮನೆ ಎದ್ದಿತು. ಮಾಳಿಗೆ ಮೇಲೆ ಕಾಳು ಒಣಗಿಸೋದು ಶುರುವಾಯಿತು, ಪಾರಿವಾಳ ಬಂತು. ಎರಡನೇ ವರ್ಷ ಹಾಲಕ್ಕಿಯ ತೂತಿನಲ್ಲಿ ಪಾರಿವಾಳದ ಕಡ್ಡಿ. ಒಂದು ಸಂಜೆ ಹಾಲಕ್ಕಿ ಗೋಡೆ ಮೇಲೆ ಬಂದು ಕೂತು, ತಲೆ ಮೇಲೆ ಕೆಳಗೆ ಆಡಿಸಿ, ತೂತನ್ನೇ ನೋಡ್ತಿತ್ತು. ಬಹಳ ಹೊತ್ತು ಕೂತಿತ್ತು. ಹಾಲಕ್ಕಿ ಆಮೇಲೂ ಊರಲ್ಲಿತ್ತು, ಆ ಗೋಡೆಗೆ ಬರಲಿಲ್ಲ. ಇದು ಒಂದೇ ಮನೆಯ ಕಥೆ, ಇದನ್ನೇ ಶಾಸ್ತ್ರ ಅಂತ ನಾನು ಹೇಳೋದಿಲ್ಲ. ಆದರೆ ತೂತು ಒಂದೇ ಇದ್ದಾಗ, ವರ್ಷದಲ್ಲಿ ಒಮ್ಮೆ ಗೂಡಿಗೆ ಬರೋದು ಗೆಲ್ತದಾ, ವರ್ಷಪೂರ್ತಿ ಕೂಡೋದು ಗೆಲ್ತದಾ?

ಎರಡನೇ ಫೋಟೊ ನಮ್ಮ ಕಾಲೇಜಿನ ಹಿಂದಿನ ಮೂಲೆಯ ಒಣ ಬೇವಿನ ಮರದ್ದು. ನೀವೆಲ್ಲ ಗಾಡಿ ನಿಲ್ಲಿಸೋಕೆ ಜಾಗ ಸಾಲದು ಅಂತ ಅದನ್ನು ತೆಗೆಸಬೇಕು ಅಂತಿದ್ದೀರಿ. ಅದರ ಮೇಲಿನ ಪೊಟರೆಯಲ್ಲಿ ಏನಿದೆ ಅಂತ ಮೂರನೇ ಫೋಟೊದಲ್ಲಿ ನೋಡ್ರಿ. ಎರಡು ಹಳದಿ ಕಣ್ಣು.

ಪೋಸ್ಟ್ 7

ಪುಣ್ಯದ ವಿಷಯಕ್ಕೆ ಬರ್ತೀನಿ, ಏಕೆಂದರೆ ನಿಜವಾದ ಜಗಳ ಅಲ್ಲೇ ಇದೆ.

ಗಂಜಿನ ಆ ಕಾಕಾನ ಹತ್ತಿರ ನಾನು ಮಾತಾಡಿದೆ. "ಕಾಕಾ, ದಿನಾ ಎಷ್ಟು ಹಾಕ್ತೀರಿ?" ಅಂದೆ. "ಎರಡ ಬೊಗಸಿ. ನಮ್ಮಪ್ಪ ಹಾಕ್ತಿದ್ದ, ನಾ ಹಾಕ್ತೀನಿ. ನಿಮ್ಮಪ್ಪನ ಜ್ವಾಳ ಅಲ್ಲೋ ತಮ್ಮಾ, ಯಾಕ ಕೇಳ್ತಿ?" ಅಂದ್ರು. ನಾನು ಗುಬ್ಬಿ ಮರಿಯ ಹುಳದ ಕಥೆ ಹೇಳಿದೆ. ಪೂರ್ತಿ ಕೇಳಿದ್ರು. ಕೊನೆಗೆ, "ಹಂಗಂದ್ರ ಹುಳ ಎಲ್ಲಿಂದ ತರ್ಲಿ?" ಅಂತ ಕೇಳಿದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನವೂ ಅವರು ಕಾಳು ಹಾಕಿದ್ರು, ಆದರೆ ನನ್ನನ್ನ ನೋಡಿ ನಕ್ಕರು. ಅರವತ್ತು ದಾಟಿದ ಆ ಮನುಷ್ಯರ ಎರಡು ಬೊಗಸೆಯ ಮೇಲೆ ನಾನು ಯುದ್ಧ ಸಾರೋದಿಲ್ಲ. ಅವರು ಕ್ಯಾಮೆರಾ ಹಿಡಿದಿರಲಿಲ್ಲ. ನನ್ನ ಜಗಳ ನಮ್ಮ ಜೊತೆ. ಗೂಗಲ್ ಜೇಬಿನಲ್ಲಿ ಇಟ್ಟುಕೊಂಡು ಹಕ್ಕಿಯ ಹೆಸರೂ ನೋಡದೆ ಚೀಲಗಟ್ಟಲೆ ಸುರಿಯೋರ ಜೊತೆ.

ಈ ಪುಣ್ಯ ದೊಡ್ಡದಾಗಿ ಬೆಳೆದರೆ ಹೆಂಗಿರ್ತದೆ ಅಂತ ಮುಂಬೈ ತೋರಿಸಿದೆ. ನಮ್ಮ ಸ್ಟೇಷನ್ನಿನಿಂದ ಒಂದೇ ರೈಲು. ದಾದರಿನಲ್ಲಿ ಹಳೆಯ ಕಬೂತರಖಾನಾ ಇದೆ, ಮುಂಬೈಯಲ್ಲಿ ಒಟ್ಟು 51 ಇದ್ದವು. 2025ರ ಜುಲೈನಲ್ಲಿ ಅವನ್ನು ಮುಚ್ಚಬೇಕು ಅಂತ ಸರ್ಕಾರ ಹೇಳಿತು, ಹೈಕೋರ್ಟಿಗೂ ಹೋಯಿತು. ಪಾಲಿಕೆಯವರು ದಾದರಿನಲ್ಲಿ ತಾಡಪಲ್ ಮುಚ್ಚಿದರು. ಆಗಸ್ಟಿನಲ್ಲಿ ಜನ ಸೇರಿ ಅದನ್ನು ಕಿತ್ತು ಹಾಕಿದರು. ಎರಡು ಕಡೆಯೂ ನಿಜವಾದ ನೋವಿತ್ತು. ತಲೆಮಾರಿನಿಂದ ಕಾಳು ಹಾಕಿದವರ ನೋವು ಒಂದು ಕಡೆ, ಪಕ್ಕದ ಬಿಲ್ಡಿಂಗಿನಲ್ಲಿ ಕೆಮ್ಮೋರ ನೋವು ಇನ್ನೊಂದು ಕಡೆ. ರೂಢಿ ಆದಮೇಲೆ ಬಿಡಿಸೋದು ಅಷ್ಟು ಕಷ್ಟ. ನಮ್ಮಲ್ಲಿ ಇನ್ನೂ ಶುರುವೇ ಆಗಿಲ್ಲ, ಮೊದಲ ಚೀಲ ಬರೋದು ಬಾಕಿ ಇದೆ.

ಕೆಮ್ಮಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಒಣಗಿದ ಹಿಕ್ಕೆಯ ಧೂಳು, ಪುಕ್ಕದ ಪುಡಿ ವರ್ಷಗಟ್ಟಲೆ ಉಸಿರಿಗೆ ಹೋದರೆ ಕೆಲವರ ಶ್ವಾಸಕೋಶ ಅಲರ್ಜಿಯಿಂದ ಊದಿಕೊಂಡು ಗಟ್ಟಿಯಾಗ್ತಾ ಹೋಗ್ತದೆ. ದೇಶದ 27 ಕೇಂದ್ರಗಳ 1,084 ಶ್ವಾಸಕೋಶ ರೋಗಿಗಳ ಅಧ್ಯಯನ ಒಂದು 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಇದ್ದದ್ದು ಈ ಜಾತಿಯ ಕಾಯಿಲೆ. ಆದರೆ ಪೂರ್ತಿ ಹೇಳಬೇಕಲ್ಲ: ಆ ರೋಗಿಗಳ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಪಾಚಿಗಟ್ಟಿದ ಏರ್ ಕೂಲರ್, ಹಕ್ಕಿ ಆಮೇಲೆ. ಯಾದಗಿರಿಯ ಬಿಸಿಲಿಗೆ ಮನೆಗೊಂದು ಕೂಲರ್. ಇವತ್ತು ಸಂಜೆ ಅದರ ಹುಲ್ಲು ತೆಗೆದು ತೊಳಿರಿ. ಪಾರಿವಾಳಕ್ಕೆ ಎಲ್ಲಾ ತಪ್ಪು ಹೊರಿಸಿ ಕೂಲರ್ ಮರೆತರೆ ಅದು ನ್ಯಾಯ ಅಲ್ಲ.

ಪೋಸ್ಟ್ 8

ಒಂದು ಕಾಮೆಂಟಿಗೆ ಉತ್ತರ ಕೊಡಲೇಬೇಕು. "ಹಂಗಾದ್ರ ಎಲ್ಲಾ ಹೊಡದ ಹಾಕೂಣ, ಮುಗೀತು" ಅಂತ ಒಬ್ಬರು ಬರೆದು ನಗುವ ಇಮೋಜಿ ಹಾಕಿದ್ರಿ. ಹದಿನೇಳು ಲೈಕ್ ಬಿದ್ದಿದೆ.

ಬ್ಯಾಡ. ಮರ್ಯಾದೆಯಿಂದ ಹೇಳ್ತಿದ್ದೀನಿ. ವಿಷದ ಕಾಳು ಇಟ್ಟರೆ ಮೊದಲು ಸಾಯೋದು ಅದನ್ನು ಹೆಕ್ಕಿದ ಗುಬ್ಬಿ, ಆಮೇಲೆ ಸತ್ತದ್ದನ್ನು ತಿಂದ ಹದ್ದು. ಕೊಂದು ನೋಡಿದವರ ಲೆಕ್ಕವೂ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳ ಕೊಂದರು. ಊರಿನಲ್ಲಿ ಇದ್ದದ್ದು ಸುಮಾರು 20,000. ಲಕ್ಷ ಕೊಂದ ಮೇಲೂ ಸುಮಾರು 20,000ವೇ. ಕಾಳು ಇದ್ದಷ್ಟು ಬಾಯಿ, ಕೊಂದ ಜಾಗಕ್ಕೆ ಹೊಸ ಮರಿ. 1988ರಲ್ಲಿ ದಾರಿ ಬದಲಿಸಿದರು. ಕಾಳು ಹಾಕಬೇಡಿ ಅಂತ ಜನರಿಗೆ ಪೋಸ್ಟರು, ಕರಪತ್ರ ಹಂಚಿ ತಿಳಿಸಿದರು, ಯಾಕೆ ಅಂತಲೂ ಹೇಳಿದರು. ಕೆಲವು ಗೂಡುಮನೆ ಮಾಡಿ ಅಲ್ಲಿ ಇಟ್ಟ ಮೊಟ್ಟೆ ತೆಗೆದರು. ನಾಲ್ಕು ವರ್ಷ ಚಿಲ್ಲರೆಯಲ್ಲಿ ಸಂಖ್ಯೆ ಅರ್ಧಕ್ಕೆ ಇಳಿಯಿತು.

ಬಂದೂಕಿಗೆ ಆಗದ್ದು ಪೋಸ್ಟರಿಗೆ ಆಯಿತು. ಗುಡ್ಡದ ಬಂಡೆಯಲ್ಲಿ ಇರೋ ಜೋಡಿ ಅಲ್ಲೇ ಇರಲಿ. ಅದು ಅದರ ಮನೆ.

ಪೋಸ್ಟ್ 9

"ಬರೀ ಬ್ಯಾಡ ಬ್ಯಾಡ ಅಂತಿ, ಏನ್ ಮಾಡೂಣು ಹೇಳು" ಅಂತ ಕ್ಲಾಸ್ ರೆಪ್ ಕೇಳಿದಳು. ಸರಿ, ಹೇಳ್ತೀನಿ.

ನೀರು ಇಡೋಣ. ಏಪ್ರಿಲ್, ಮೇನಲ್ಲಿ ನಮ್ಮ ಊರಿನ ಬಿಸಿಲು 40 ಡಿಗ್ರಿ ದಾಟ್ತದೆ, ಆಗ ಎಲ್ಲಾ ಹಕ್ಕಿಗೂ ಬೇಕಾಗಿರೋದು ನೀರು. ಹುಳ ತಿನ್ನೋದಕ್ಕೂ, ಹಣ್ಣು ತಿನ್ನೋದಕ್ಕೂ. ಪಾರಿವಾಳವೂ ಬಂದು ಕುಡಿಲಿ, ನೀರು ಕುಡಿದು ಯಾರೂ ಮೊಟ್ಟೆ ಇಡೋದಿಲ್ಲ. ಕುಂಬಾರರ ಹತ್ತಿರ ಅಗಲದ ಮಣ್ಣಿನ ಬೋಗುಣಿ ಸಿಗ್ತದೆ. ಬಾಯಿ ಅಗಲ, ಆಳ ಕಡಿಮೆ ಇರಲಿ, ಮಧ್ಯ ಒಂದು ಕಲ್ಲು ಇಡ್ರಿ, ಸಣ್ಣ ಹಕ್ಕಿ ಮುಳುಗಬಾರದು. ನೆರಳಿನಲ್ಲಿ ಇಡ್ರಿ. ಎರಡು ದಿನಕ್ಕೊಮ್ಮೆ ತಿಕ್ಕಿ ತೊಳೆದು ಬದಲಿಸಬೇಕು, ಇಲ್ಲಾಂದ್ರೆ ಅದು ಸೊಳ್ಳೆಯ ಹೆರಿಗೆ ಆಸ್ಪತ್ರೆ ಆಗ್ತದೆ. ತೊಳೆಯೋ ಪಾಳಿ ನಾನು ಬರೆದಿದ್ದೀನಿ, ನಿಮ್ಮ ಹೆಸರೂ ಇದೆ, ಬೈಬ್ಯಾಡ್ರಿ.

ಕಂಪೌಂಡಿನ ಪಕ್ಕದ ಬೇಲಿ ಕಸ ಅಂತ ಸುಡೋದು ನಿಲ್ಲಲಿ. ಅದರಲ್ಲೇ ಹುಳ ಇರೋದು. ಗಂಜಿನ ಕಾಕಾನಿಗೆ ಕೊಡಬೇಕಿದ್ದ ಉತ್ತರ ನನಗೆ ಆಮೇಲೆ ಹೊಳೆದದ್ದು ಇದೇ: ಹುಳ ತರೋದು ಬ್ಯಾಡ ಕಾಕಾ, ಹುಳ ಇರೋ ಜಾಗ ಸುಡದಿದ್ದರೆ ಸಾಕು.

ಮೂರನೇದು ಒಣ ಬೇವಿನ ಮರ. ಅದು ದಾರಿಯಿಂದ ದೂರ ಇದೆ, ಬಿದ್ದರೆ ಕಂಪೌಂಡಿನ ಒಳಗಿನ ಖಾಲಿ ಜಾಗಕ್ಕೆ ಬೀಳ್ತದೆ. ಆದರೂ ಅಪಾಯ ಅನಿಸಿದರೆ ಮೇಲಿನ ಉದ್ದ ಕೊಂಬೆಗಳನ್ನು ಮಾತ್ರ ತೆಗೆಸಿ, ಪೊಟರೆ ಇರೋ ಬೊಡ್ಡೆ ಬಿಡಬೇಕು ಅಂತ ಪ್ರಿನ್ಸಿಪಾಲ್ ಸರ್‌ಗೆ ಅರ್ಜಿ ಬರೆದಿದ್ದೀನಿ. ಗಾಡಿಗಳನ್ನು ಎದುರಿನ ಗೋಡೆ ಕಡೆ ಎರಡು ಸಾಲಿನಲ್ಲಿ ನಿಲ್ಲಿಸಿದರೆ ಜಾಗ ಸಾಲ್ತದೆ. ಶನಿವಾರ ಚುಣ್ಣದಲ್ಲಿ ಗೆರೆ ಹಾಕಿ ಅಳೆದು ನೋಡಿದ್ದೀನಿ, 34 ಬೈಕ್ ಹಿಡಿತಾವೆ.

ಈಗಾಗಲೇ ಕೂಡಿದ ದುಡ್ಡಿನ ಬಗ್ಗೆ ನಾನು ತೀರ್ಮಾನ ಮಾಡೋಕೆ ಬರೋದಿಲ್ಲ, ಅದು ಎಲ್ಲರದು. ಸೋಮವಾರ ಮತ್ತೊಮ್ಮೆ ಕೈ ಎತ್ತಿಸ್ರಿ ಅಂತ ಕೇಳ್ತೀನಿ. ಹನ್ನೊಂದು ನಿಮಿಷ ಅಲ್ಲ, ಅರ್ಧ ಗಂಟೆ ಕೊಡ್ರಿ. ಸೋತರೆ ಮಾಳಿಗೆಗೆ ಚೀಲ ಹೊರೋದಕ್ಕೆ ನನ್ನನ್ನ ಕರಿಬ್ಯಾಡ್ರಿ. ನನ್ನ 50 ರೂಪಾಯಿಗೆ ಬೋಗುಣಿ ಬಂದಾಗಿದೆ, ಕೊನೆಯ ಫೋಟೊದಲ್ಲಿ ಇದೆ, ಆಗಲೇ ಒಂದು ಪಿಕಳಾರ ಬಂದು ಅಂಚಿನ ಮೇಲೆ ಕೂತು ಹೋಯಿತು.

ಅರ್ಜಿ ಸೋಮವಾರ ಎರಡನೇ ಪಿರಿಯಡ್ ಆದ ಮೇಲೆ ಸಹಿಗೆ ತರ್ತೀನಿ. ಪೆನ್ ನಂದೇ.

#ಯಾದಗಿರಿ #ಶಹಾಪುರ #ಸುರಪುರ #ನೀಲಕಂಠ #ಹಾಲಕ್ಕಿ #ನೀರಿಡ್ರಿ